ಡಿ500 ಮಾರಿ ಸೋನಿಗೋ ಕ್ಯಾನನ್‌ಗೋ ಹೋಗೋದು ಅಂತ ಕೂತಿದೀನಿ, ಯಾರಾದ್ರೂ ಬುದ್ಧಿ ಹೇಳಿ

ರೀವ ಹಕ್ಕಿ, ಭದ್ರಾವತಿ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು, ಉದ್ದ ಆದ್ರೆ ಬೈಬೇಡಿ. ನನ್ನ ಹತ್ರ ಇರೋದು ನಿಕಾನ್ ಡಿ500, ಜೊತೆಗೆ 200-500 ಎಂಎಂ ಎಫ್ 5.6 ಲೆನ್ಸು. 2018ರಲ್ಲಿ ತಗೊಂಡಿದ್ದು. ನನ್ನ ಕಾಡು ಅಂದ್ರೆ ತಿಂಗಳಿಗೆರಡು ಸಲ ಲಕ್ಕವಳ್ಳಿ, ಬೇಸಿಗೇಲಿ ಭದ್ರಾ ನೀರು ಇಳಿದು ನಡುಗಡ್ಡೆ ಎದ್ದಾಗ ರೀವಗಳು (ರಿವರ್ ಟರ್ನ್ ಹಕ್ಕಿ), ವರ್ಷಕ್ಕೊಂದು ಕಬಿನಿ, ಒಂದು ದಾಂಡೇಲಿ ಹತ್ರದ ಗಣೇಶಗುಡಿ. ಅಷ್ಟೇ.

ಹೋದ ತಿಂಗಳು ಕಬಿನೀಲಿ ಸಂಜೆ ಸಫಾರಿ. ಐದೂಮುಕ್ಕಾಲು ಇರ್ಬೇಕು, ಮತ್ತಿ ಮರದ ಕವಲಲ್ಲಿ ಚಿರತೆ, ಕಾಲು ಇಳಿಬಿಟ್ಕೊಂಡು ಮಲಗಿದೆ, ಮುಂದೆ ಒಂದಿಷ್ಟು ಎಲೆ. ಕೈ ನಡುಕ್ತಾ ಇತ್ತು, ನಲವತ್ತು ಫ್ರೇಮ್ ಹೊಡೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದ್ರೆ ಮೂವತ್ತೆಂಟರಲ್ಲಿ ಎಲೆಯ ನರ ನರ ಎಣಿಸ್ಬಹುದು, ಹಿಂದೆ ಚಿರತೆ ಹಳದಿ ಮಂಜು. ಪಕ್ಕದ ಸೀಟಲ್ಲಿ ಒಬ್ಬ ಹುಡುಗ ಇದ್ದ, ಇಪ್ಪತ್ತೈದೂ ಇರ್ಲಿಕ್ಕಿಲ್ಲ, ಸೋನಿ ಬಾಡಿ, 200-600 ಲೆನ್ಸು, ಅವನ ಸ್ಕ್ರೀನಲ್ಲಿ ಚಿರತೆ ಕಣ್ಣಿನ ಮೇಲೆ ಒಂದು ಪುಟ್ಟ ಚೌಕ ಅಂಟ್ಕೊಂಡು ಕೂತಿತ್ತು, ಅದು ತಲೆ ತಿರುಗಿಸಿದ್ರೆ ಚೌಕವೂ ತಿರುಗ್ತಿತ್ತು. ಅವತ್ತಿಂದ ನನಗೆ ನಿದ್ದೆ ಇಲ್ಲ.

ಇನ್ನೊಂದು, ನನಗೆ 47, ಕುತ್ತಿಗೆ ನೋವು ಶುರುವಾಗಿದೆ, ಡಾಕ್ಟ್ರು ಭಾರ ಎತ್ತಬೇಡಿ ಅಂದಿದಾರೆ. ಬಜೆಟ್ಟು ಇರೋದನ್ನ ಮಾರಿ ಮೇಲೆ ಎರಡು ಲಕ್ಷ. ಮನೆಯಲ್ಲಿ ಹೇಳಿರೋದು ಒಂದೂವರೆ.

ಸೋನಿಯೋ ಕ್ಯಾನನ್ನೋ? ಅಥವಾ ನಿಕಾನಲ್ಲೇ ಮಿರರ್‌ಲೆಸ್ಸಾ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ)?

ಕಳ್ಳಿಪೀರ, ಬೆಂಗಳೂರು:
ಯೋಚ್ನೆನೇ ಬೇಡ ಗುರು, ಸೋನಿ ತಗೊಳಿ, 200-600 ಹಾಕಿ, ನಿದ್ದೆ ಮಾಡಿ. ಎಲ್ಲಾ ಕಡೆ ಈಗ ಅದೇ ಕಾಣ್ಸೋದು.

ಬೀನ್‌ಬ್ಯಾಗ್, ಮೈಸೂರು:
ಕಳ್ಳಿಪೀರ, ಎಲ್ಲಾ ಕಡೆ ಕಾಣ್ಸೋದು ಲಂಟಾನನೂ ಹೌದು 😄

ರೀವ ಅವ್ರೇ, ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ. ಆ ಚಿರತೆ ತೆಗೆಯೋವಾಗ ಎಎಫ್ (ಆಟೋಫೋಕಸ್) ಯಾವ ಮೋಡಲ್ಲಿತ್ತು?

ರೀವ ಹಕ್ಕಿ, ಭದ್ರಾವತಿ:
ಗ್ರೂಪ್ ಏರಿಯಾ ಮೇಡಂ. ರೀವಗಳಿಗೆ ಅದೇ ಇಟ್ಟಿರ್ತೀನಿ, ಹಾರೋ ಹಕ್ಕಿಗೆ ಚೆನ್ನಾಗಿ ಹಿಡಿಯುತ್ತೆ. ಅದನ್ನ ಬದಲಾಯಿಸೋದು ನೆನಪಾಗ್ಲಿಲ್ಲ ಅನ್ನೋದಕ್ಕಿಂತ, ಆ ಹೊತ್ತಲ್ಲಿ ನನ್ನ ಹೆಸರೂ ನೆನಪಿರ್ಲಿಲ್ಲ.

ಬೀನ್‌ಬ್ಯಾಗ್, ಮೈಸೂರು:
ಅಲ್ಲೇ ಸಿಕ್ತು ನೋಡಿ. ಗ್ರೂಪ್ ಏರಿಯಾ ಅಂದ್ರೆ ಆ ಗುಂಪಿನ ಒಳಗೆ ಯಾವುದು ನಿಮಗೆ ಹತ್ರ ಇದೆಯೋ ಅದನ್ನ ಹಿಡಿಯೋದು. ಖಾಲಿ ಆಕಾಶದಲ್ಲಿ ರೀವ ಒಂದೇ ಇರುತ್ತೆ, ಹಾಗಾಗಿ ಅದೇ ಸಿಗುತ್ತೆ. ಮರದ ಚಿರತೆ ಮುಂದೆ ಎಲೆ ಇದ್ರೆ ಎಲೆನೇ ಹತ್ರ, ಕ್ಯಾಮೆರಾ ಹೇಳಿದ ಕೆಲಸ ಮಾಡಿದೆ, ತಪ್ಪೇನಿಲ್ಲ. ಸಿಂಗಲ್ ಪಾಯಿಂಟಿಗೆ ಹಾಕಿ ಎಲೆ ಸಂದೀಲಿ ಕಣ್ಣಿನ ಮೇಲೆ ಇಟ್ಟಿದ್ರೆ ನಲವತ್ತರಲ್ಲಿ ಮೂವತ್ತು ಬರ್ತಿತ್ತು. ಡಿ500 ದಲ್ಲಿ ಮುಂದುಗಡೆ ಇರೋ ಒಂದು ಬಟನ್ನಿಗೆ ಸಿಂಗಲ್ ಪಾಯಿಂಟ್ ಕೊಟ್ಟಿಡಬಹುದು, ಒತ್ತಿ ಹಿಡಿದಷ್ಟು ಹೊತ್ತು ಮೋಡ್ ಬದಲಾಗುತ್ತೆ, ಬಿಟ್ರೆ ಮತ್ತೆ ಗ್ರೂಪಿಗೆ ಹೋಗುತ್ತೆ. ಇದಕ್ಕೆ ಖರ್ಚು ಸೊನ್ನೆ.

ಮಿರರ್‌ಲೆಸ್ ಬೇಡ ಅಂತ ಹೇಳ್ತಿಲ್ಲ, ನಾನೇ ನಿಕಾನಿನ ಮಿರರ್‌ಲೆಸ್ ಜೆಡ್8 ಹಿಡ್ಕೊಂಡು ಓಡಾಡೋದು. ಕಣ್ಣು ಹುಡುಕೋ ಫೋಕಸ್ ನಿಜವಾಗ್ಲೂ ಮಜಾ, ಅದರಲ್ಲಿ ಸುಳ್ಳಿಲ್ಲ. ಆದ್ರೆ ಆ ಚಿರತೆ ಸಿಟ್ಟನ್ನ ಬ್ರ್ಯಾಂಡ್ ಮೇಲೆ ತೀರಿಸ್ಕೋಬೇಡಿ.

ಮಂಗಟ್ಟೆ, ದಾಂಡೇಲಿ:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾನು ಇಲ್ಲಿ ಗೈಡ್ ಕೆಲಸ ಮಾಡೋನು, ನನ್ನ ಹತ್ರ ಇರೋದು ಹಳೇ ದುರ್ಬೀನು ಮಾತ್ರ, ಆದ್ರೆ ವಾರಕ್ಕೆ ಇಪ್ಪತ್ತು ಮೂವತ್ತು ಕ್ಯಾಮೆರಾ ಕಣ್ಣ ಮುಂದೆ ಹಾದು ಹೋಗ್ತಾವೆ. ಎಲ್ಲಾ ಕಂಪನಿದೂ. ಬಿದಿರು ಮೆಳೆ ಒಳಗೆ ಏನಾದ್ರೂ ಇದ್ರೆ ಎಲ್ಲರದೂ ಒದ್ದಾಡುತ್ತೆ. ಹೊಸ ಕ್ಯಾಮೆರಾಗಳು ಪ್ರಾಣಿ ಕಣ್ಣು ಕಂಡ್ರೆ ಗಬಕ್ ಅಂತ ಹಿಡಿತಾವೆ, ಕಾಣದೇ ಇದ್ರೆ ಮುಂದಿನ ಕಡ್ಡಿ ಹಿಡಿತಾವೆ, ಇಲ್ಲಾ ಹಿಂದಿನ ಹಸಿರಿಗೆ ಓಡ್ತಾವೆ. ಆವಾಗ ಕೈಯಲ್ಲಿ ರಿಂಗ್ ತಿರುಗಿಸಿ ಹತ್ರ ತಂದುಕೊಟ್ರೆ ಆಮೇಲೆ ಅದೇ ಹಿಡ್ಕೊಳುತ್ತೆ. ಇದನ್ನ ಮಾಡೋರು ಹತ್ತರಲ್ಲಿ ಇಬ್ರು. ಉಳಿದ ಎಂಟು ಜನ ಮೆನು ಒಳಗೆ ಇರ್ತಾರೆ, ಅಷ್ಟೊತ್ತಿಗೆ ಕಾಕರಣೆ ಹಕ್ಕಿ (ಟ್ರೋಗನ್) ಎದ್ದು ಹೋಗಿರುತ್ತೆ.

ಹಕ್ಕಿ ಸ್ನಾನ ಮಾಡೋ ತೊಟ್ಟಿ ಹತ್ರ ಕೂತಾಗ ಮಾತ್ರ ಸದ್ದಿಲ್ಲದ ಶಟರ್ ಇರೋರು ಪುಣ್ಯವಂತರು. ಹಳೇ ಕ್ಯಾಮೆರಾ ಟಕಟಕಟಕ ಅಂದ್ರೆ ಮೊದಲ ಸದ್ದಿಗೇ ಹೋಗೋ ಹಕ್ಕಿಗಳಿದಾವೆ.

ಧಾರವಾಡ ಪೇಢೆ:
ನಮಸ್ಕಾರ್ರೀ. ನಾ ಬ್ರ್ಯಾಂಡ್ ಬದಲ್ ಮಾಡಿದಾಂವ, ಹಂಗಾಗಿ ನನ್ನ ಮಾತು ಸ್ವಲ್ಪ ಕೇಳ್ರಿ. ಮೊದಲ ನನ್ ಕಡೆ ಕ್ಯಾನನ್ 7ಡಿ ಮಾರ್ಕ್ 2, 100-400ರ ಎರಡನೇ ವರ್ಷನ್ ಇತ್ತು. ಆರು ವರ್ಷ ವಾಪರಸೀನಿ. ಆಮ್ಯಾಲೆ ಗೆಳ್ಯಾರ ಬಳಗ ಎಲ್ಲಾ ನಿಕಾನ್ ಇತ್ತು, ಲೆನ್ಸ್ ಅದಲಿ ಬದಲಿ ಮಾಡ್ಕೋಬಹುದು ಅಂತ ನಾನೂ ಅತ್ತ ಹೋದೆ. ಕ್ಯಾಮೆರಾ ಎರಡೂ ಭಾರಿ ಇದ್ವು, ತಕರಾರು ಏನೂ ಇಲ್ರಿ. ತಕರಾರು ನನ್ನ ಕೈದು.

7ಡಿ ದಾಗ ಆನ್ ಆಫ್ ಸ್ವಿಚ್ ಎಡಗಡೆ ಮ್ಯಾಲೆ ಇರ್ತೈತಿ, ನಿಕಾನದಾಗ ಬಲಗೈ ಬೆರಳಿನ ಬುಡದಾಗ ಶಟರ್ ಸುತ್ತ. ಲೆನ್ಸ್ ಕೂಡಿಸೋದು ಸೈತ ಉಲ್ಟಾ, ಕ್ಯಾನನ್ ಒಂದ್ ಕಡೆ ತಿರುವಿದ್ರ ನಿಕಾನ್ ಇನ್ನೊಂದ್ ಕಡೆ. ದರೋಜಿಗೆ ಹೋಗಿದ್ದೆ, ಸಂಜಿಮುಂದ ವಾಚ್‌ಟವರ್ ಮ್ಯಾಲೆ ಕುಂತೀವಿ, ಕರಡಿ ತನ್ನ ಎರಡು ಮರಿ ಬೆನ್ನ ಮ್ಯಾಲೆ ಕೂಡಿಸ್ಕೊಂಡು ಬಂಡಿಗಲ್ಲ ಮ್ಯಾಲಿಂದ ಇಳ್ಯಾಕತ್ತೈತಿ, ಬೆಳಕು ಅಂದ್ರ ಬಂಗಾರ. ನಾ ಎಡಗೈಲೆ ಸ್ವಿಚ್ ಹುಡುಕಾಕತ್ತೀನಿ. ಇಲ್ಲದ ಸ್ವಿಚ್ಚು! ಮಗ್ಗಲದಾಂವ ಏನ್ ಹುಡುಕ್ತೀರಿ ಅಂತ ಕೇಳಿದ. ಆ ಮರಿ ಕರಡಿ ಫೋಟೋ ನನ್ನ ತಲಿಯಾಗ ಐತಿ, ಕಾರ್ಡಿನಾಗ ಇಲ್ಲ.

ಕೈ ಮರಿಯಾಕ ಎಂಟು ತಿಂಗಳ ಹಿಡೀತು ನೋಡ್ರಿ. ಅದರ ಮ್ಯಾಲೆ ಖರ್ಚು. ಬಾಡಿ ಲೆನ್ಸ್ ಲೆಕ್ಕ ಎಲ್ಲಾರೂ ಹಾಕ್ತಾರ, ಬ್ಯಾಟರಿ ಎರಡು, ಚಾರ್ಜರ್, ಕಾರ್ಡು, ಕಾರ್ಡ್ ರೀಡರು, ಟೆಲಿಕನ್ವರ್ಟರು, ಲೆನ್ಸ್ ಕಾಲಿಗೆ ಪ್ಲೇಟು, ಮಳಿ ಕವರು, ಇವು ಯಾರ ಲೆಕ್ಕದಾಗೂ ಬರಂಗಿಲ್ಲ. ನನಗ ಅವಕ್ಕ ಮೂವತ್ತೆಂಟು ಸಾವಿರ ಹೋತು. ಹಳೇದು ಮಾರಾಕ ಹೋದ್ರ ಅಂಗಡ್ಯಾಂವ ಹೆಣದ ಮ್ಯಾಲಿನ ಬಂಗಾರ ತೂಗಿದಂಗ ತೂಗಿದ.

ಕಳ್ಳಿಪೀರ, ಬೆಂಗಳೂರು:
ಪೇಢೆ ಅಣ್ಣ, ಕರಡಿ ಕಥೆಗೆ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಐಎಸ್‌ಒ ಅಜ್ಜ:
ಪೇಢೆಯವರು ಹೇಳಿದ್ದು ಅಕ್ಷರಶಃ ನಿಜ, ನಾನು ಅದನ್ನ ಫಿಲ್ಮ್ ಕಾಲದಲ್ಲೇ ಅನುಭವಿಸಿದೀನಿ. 1987ರಲ್ಲಿ ಕ್ಯಾನನ್ ಎಫ್‌ಡಿ ಮೌಂಟ್ (ಬಾಡಿಗೆ ಲೆನ್ಸ್ ಕೂರಿಸೋ ಜೋಡಣೆ) ಬಿಟ್ಟು ಇಎಫ್ ತಂತು, ಹಳೇ ಲೆನ್ಸು ಹೊಸ ಬಾಡಿಗೆ ಕೂರೋದಿಲ್ಲ. ಹೇಗೂ ಎಲ್ಲಾ ಬದಲಾಯಿಸ್ಬೇಕಲ್ಲ ಅಂತ ನಾನು ನಿಕಾನ್ ಎಫ್‌ಎಂ2ಗೆ ಬಂದೆ. ಆವಾಗ ಆಟೋಫೋಕಸ್ ನಮ್ಮಂಥವರ ಕೈಗೆ ಎಲ್ಲಿ ಸಿಗ್ಬೇಕು, ಬೆರಳೇ ಫೋಕಸ್ಸು. ಕ್ಯಾನನ್ ರಿಂಗ್ ತಿರುಗೋ ದಿಕ್ಕು ಬೇರೆ, ನಿಕಾನ್ ದಿಕ್ಕು ಬೇರೆ. ರಂಗನತಿಟ್ಟಲ್ಲಿ ಚಮಚದ ಕೊಕ್ಕಿನ ಹಕ್ಕಿ ನನ್ನ ಕಡೆ ಹಾರಿ ಬರ್ತಾ ಇದ್ರೆ ನಾನು ದೂರಕ್ಕೆ ತಿರುಗಿಸ್ತಾ ಇದೀನಿ. 36 ಫ್ರೇಮಲ್ಲಿ 36 ಗೋವಿಂದ. ಅದೂ 64 ಐಎಸ್‌ಒ ಸ್ಲೈಡ್ ಫಿಲ್ಮು (ಐಎಸ್‌ಒ ಕಮ್ಮಿ ಇದ್ದಷ್ಟು ಬೆಳಕು ಜಾಸ್ತಿ ಬೇಕು), ತೊಳೆಸಿ ತರಿಸೋವರೆಗೆ ಗೊತ್ತೂ ಆಗೋದಿಲ್ಲ.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಫೋಟೋಗ್ರಾಫರುಗಳೆಲ್ಲಾ ಅಂಥ ಸಾಮಾನಲ್ಲೇ ಕೆಲಸ ಮಾಡಿ ಜಗತ್ತಿಗೆ ತೋರಿಸಿದವರು. ತೇಜಸ್ವಿ ಮೂಡಿಗೆರೆ ತೋಟದಲ್ಲಿ ಹಕ್ಕಿಗೋಸ್ಕರ ಗಂಟೆಗಟ್ಟಲೆ ಕೂರ್ತಿದ್ದವರು. ನೀವೆಲ್ಲಾ ಸೆಕೆಂಡಿಗೆ ಇಪ್ಪತ್ತು ಹೊಡೆದೂ ಸಾಲದು ಅಂತೀರಿ.

ಆಸ್ಟಿನ್ ಕನ್ನಡಿಗ:
ಅಜ್ಜಾ, 36 ಫ್ರೇಮ್ ಕಥೆ ವರ್ಷಕ್ಕೆ ಮೂರು ಸಲ ಬರುತ್ತೆ ಇಲ್ಲಿ 🙏 ಆದ್ರೆ ಅವರ ಕೈಗೆ ಈಗಿನ ನಿಕಾನ್ ಜೆಡ್9 ಕೊಟ್ಟಿದ್ರೆ ಬೇಡ ಅಂತಿದ್ರು ಅಂತ ನಾನಂತೂ ನಂಬೋದಿಲ್ಲ.

ರೀವ ಅವ್ರೇ, ನಾನು ಸೋನಿ ಬಳಸೋನು, ಎ7-4 ಮತ್ತು 200-600. ಇಲ್ಲಿ ಟೆಕ್ಸಸಲ್ಲಿ ಏಪ್ರಿಲಲ್ಲಿ ವಲಸೆ ಹಕ್ಕಿ ನೋಡೋಕೆ ಹೈ ಐಲೆಂಡಿಗೆ ಹೋಗ್ತೀನಿ, ಚಳಿಗಾಲದಲ್ಲಿ ಅರಾನ್ಸಾಸಿಗೆ ಹೂಪಿಂಗ್ ಕ್ರೇನ್ ನೋಡೋಕೆ. ಬೆಳಕು ಎಷ್ಟು ಬೇಕೋ ಅಷ್ಟು, ಎಫ್ 6.3 (ಈ ಅಂಕಿ ದೊಡ್ಡದಾದಷ್ಟು ಲೆನ್ಸ್ ಒಳಗೆ ಬರೋ ಬೆಳಕು ಕಮ್ಮಿ) ಅನ್ನೋದು ಒಂದು ಸಮಸ್ಯೆ ಅಂತ ಅನ್ನಿಸಿಯೇ ಇರ್ಲಿಲ್ಲ. ಹೋದ ಡಿಸೆಂಬರಲ್ಲಿ ಊರಿಗೆ ಬಂದಾಗ ಅದೇ ಲೆನ್ಸ್ ಹೊತ್ಕೊಂಡು ಗಣೇಶಗುಡಿಗೆ ಹೋದೆ. ಬೆಳಿಗ್ಗೆ ಏಳೂವರೆ, ಮರದ ಕೆಳಗೆ ಮಿಂಚುಳ್ಳಿ, ಶಟರ್ 1/250ಕ್ಕೆ ಇಳಿಸಿದ್ರೂ ಐಎಸ್‌ಒ 12,800. ಯಾವ ಕಂಪನಿ ಆದ್ರೂ ಅಷ್ಟೇ ಆಗೋದು, ಘಟ್ಟದ ಕಾಡಲ್ಲಿ ಬೆಳಕು ಕೆಳಗೆ ಬರೋದೇ ಇಲ್ಲ. ಅದಕ್ಕೇ ನಾನು ಹೇಳೋದು, ಯೂಟ್ಯೂಬಲ್ಲಿ ಫ್ಲಾರಿಡಾದವನು ಬಿಸಿಲಲ್ಲಿ ಆಸ್ಪ್ರೇ ಹಕ್ಕಿ ತೆಗೆದು ತೋರಿಸೋ ವಿಡಿಯೋ ನೋಡಿ ಕರ್ನಾಟಕದ ಕಾಡಿಗೆ ಕ್ಯಾಮೆರಾ ಕೊಳ್ಬೇಡಿ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ಯಾರೂ ನಿಮಗೆ ಅಂಗಡೀಲಿ ಹೇಳೋದಿಲ್ಲ. ನಿಮ್ಮ ಡಿ500 ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯೋ ಚಿಪ್ಪು ಫುಲ್ ಫ್ರೇಮಿಗಿಂತ ಚಿಕ್ಕದು), 20.9 ಮೆಗಾಪಿಕ್ಸೆಲ್, 500 ಎಂಎಂ ಹಾಕಿದ್ರೆ 750ರಷ್ಟು ಹತ್ರ ಕಾಣುತ್ತೆ. ಈಗ ನೀವು ನನ್ನ ಹಾಗೆ 33 ಮೆಗಾಪಿಕ್ಸೆಲ್ ಫುಲ್ ಫ್ರೇಮಿಗೆ ಬಂದು, ಅದೇ ದೂರದ ಹಕ್ಕಿಯನ್ನ ಅಷ್ಟೇ ದೊಡ್ಡದಾಗಿ ಕ್ರಾಪ್ ಮಾಡಿದ್ರೆ ಕೈಗೆ ಸಿಗೋದು ಹದಿನಾಲ್ಕು. 24 ಮೆಗಾಪಿಕ್ಸೆಲ್ ಬಾಡಿ ತಗೊಂಡ್ರೆ ಹತ್ತು ಹನ್ನೊಂದಕ್ಕೆ ಬಂತು. ದುಡ್ಡು ಕೊಟ್ಟು ಹಕ್ಕಿಯನ್ನ ಚಿಕ್ಕದು ಮಾಡ್ಕೊಂಡ ಹಾಗೆ. ಜೆಡ್8 45.7 ಇರೋದ್ರಿಂದ ಕ್ರಾಪಲ್ಲೂ 19 ಉಳಿಯುತ್ತೆ, ಅಂದ್ರೆ ಹೆಚ್ಚುಕಮ್ಮಿ ನಿಮ್ಮ ಡಿ500 ಅದರ ಹೊಟ್ಟೆ ಒಳಗೇ ಇದೆ. ಆದ್ರೆ ಅದು ನಿಮ್ಮ ಬಜೆಟ್ಟಲ್ಲಿ ಇಲ್ಲ. ಕ್ರಾಪ್ ಸೆನ್ಸರಲ್ಲೇ ಇರ್ಬೇಕು ಅಂದ್ರೆ ಕ್ಯಾನನ್ ಆರ್7, ಸೋನಿ ಎ6700, ನಿಕಾನ್ ಜೆಡ್50-2, ಇವನ್ನ ನೋಡಿ.

ಬೀನ್‌ಬ್ಯಾಗ್, ಮೈಸೂರು:
ಆಸ್ಟಿನ್ ಹೇಳಿದ್ದು ನೂರಕ್ಕೆ ನೂರು. ಒಂದು ಎಚ್ಚರಿಕೆ ಮಾತ್ರ. ಆರ್7 ಇರ್ಲಿ ಎ7-4 ಇರ್ಲಿ, ಸೆನ್ಸರ್ ಓದೋ ವೇಗ ನಿಧಾನ, ಹಾಗಾಗಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಲ್ಲಿ ಬಡಿಯೋ ರೆಕ್ಕೆ ಬಾಳೆಹಣ್ಣಿನ ಹಾಗೆ ಬಾಗಿ ಬರುತ್ತೆ. ಮರದ ಮೇಲೆ ಕೂತ ಹಕ್ಕಿಗೆ ಏನೂ ತೊಂದ್ರೆ ಇಲ್ಲ. ನೀರಿಗೆ ಧುಮುಕೋ ರೀವಕ್ಕೆ ಮೆಕ್ಯಾನಿಕಲ್ ಶಟರೇ ಹಾಕ್ಬೇಕು, ಆರ್7ರಲ್ಲಿ ಅದೂ ಸೆಕೆಂಡಿಗೆ 15 ಇದೆ, ಸಾಕು. ಜೆಡ್8, ಜೆಡ್9ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಸೆನ್ಸರ್ ಅಷ್ಟು ಬೇಗ ಓದೋದ್ರಿಂದ ಅದು ನಡೆಯುತ್ತೆ.

ಕುತ್ತಿಗೆ ವಿಷಯಕ್ಕೆ ಬರೋಣ, ಯಾಕಂದ್ರೆ ನನ್ನ ಪ್ರಕಾರ ನಿಮ್ಮ ಅಸಲಿ ಪ್ರಶ್ನೆ ಅದೇ. ತೂಕ ಕೂಡಿಸಿ ನೋಡಿ. ಡಿ500 860 ಗ್ರಾಂ, 200-500 ಕಾಲರ್ (ಟ್ರೈಪಾಡಿಗೆ ಕೂರಿಸೋ ಪಟ್ಟಿ) ಸೇರಿ 2300, ಒಟ್ಟು ಮೂರು ಕೆಜಿ ನೂರ ಅರವತ್ತು. ಜೆಡ್8ಗೆ ಹೊಸ 180-600 ಹಾಕಿದ್ರೆ 910 ಮತ್ತು 2140, ಮೂರು ಕೆಜಿ ಐವತ್ತು. ಮೂರು ಲಕ್ಷದ ಮೇಲೆ ಖರ್ಚು ಮಾಡಿ ಉಳಿದಿದ್ದು ನೂರ ಹತ್ತು ಗ್ರಾಂ, ಒಂದು ಸಣ್ಣ ಸೌತೆಕಾಯಿ! ಜೆಡ್8ಗೆ ಅಡಾಪ್ಟರ್ ಹಾಕಿ ನಿಮ್ಮ ಈಗಿನ ಲೆನ್ಸೇ ಇಟ್ಕೊಂಡ್ರೆ ಇನ್ನೂ ಭಾರ. ಸೋನಿ 200-600 ಕಾಲರ್ ಬಿಟ್ಟೇ 2115. ಮಿರರ್‌ಲೆಸ್ ಹಗುರ ಅನ್ನೋ ಮಾತು ಬಾಡಿಗೆ ಸರಿ, ಭಾರ ಇರೋದು ಗಾಜಲ್ಲಿ. ನಿಜಕ್ಕೂ ಹಗುರ ಬೇಕು ಅಂದ್ರೆ ಕ್ಯಾನನ್ ಆರ್7 612 ಗ್ರಾಂ, ಆರ್‌ಎಫ್ 100-500 ಕಾಲರ್ ಜೊತೆ 1530, ಎರಡು ಕೆಜಿ ನೂರ ನಲವತ್ತು. ಒಂದು ಕೆಜಿ ಉಳೀತು. ಆದ್ರೆ ಆ ಲೆನ್ಸು 500ಕ್ಕೆ ಹೋದಾಗ ಎಫ್ 7.1, ಸಂಜೆ ಐದೂಮುಕ್ಕಾಲಿನ ಚಿರತೆಗೆ ಅಲ್ಲಿ ನೀವು ಮುಕ್ಕಾಲು ಸ್ಟಾಪಿನ ಹತ್ರ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಯೋದು) ಬೆಳಕು ಕಳ್ಕೊಳ್ತೀರಿ.

ಇಲ್ಲಾ, ನಿಕಾನಲ್ಲೇ 500 ಎಫ್ 5.6 ಪಿಎಫ್ (ಫೇಸ್ ಫ್ರೆನೆಲ್ ಗಾಜಿನ ಹಗುರ ಲೆನ್ಸು). 2018ದು, ಕಾಲರ್ ಸೇರಿ 1460 ಗ್ರಾಂ. ಈಗ ಜನ ಜೆಡ್ ಲೆನ್ಸಿಗೆ ಹೋಗ್ತಿರೋದ್ರಿಂದ ಸೆಕೆಂಡ್ ಹ್ಯಾಂಡಲ್ಲಿ ಸಿಗ್ತಿದೆ. ನಿಮ್ಮ ಡಿ500ಗೆ ನೇರ ಕೂರುತ್ತೆ, ನಾಳೆ ಜೆಡ್ ಬಾಡಿ ತಗೊಂಡ್ರೆ ಅಡಾಪ್ಟರಲ್ಲಿ ಅದೇ ಚುರುಕು.

ಕಳ್ಳಿಪೀರ, ಬೆಂಗಳೂರು:
ಅಕ್ಕ ಅಡುಗೆಮನೆ ತಕ್ಕಡಿ ತಂದೇಬಿಟ್ರು 😂 ಆದ್ರೆ ಜೂಮ್ ಆಗದ ಪ್ರೈಮ್ ಲೆನ್ಸ್ ಹಾಕ್ಕೊಂಡು ಸಫಾರಿಗೆ ಹೋಗೋದಾ? ಕಬಿನೀಲಿ ಆನೆ ಜೀಪ್ ಪಕ್ಕಕ್ಕೆ ಬಂದ್ರೆ 750ರಲ್ಲಿ ಬರೀ ಒಂದು ಕಿವಿ ಬರುತ್ತೆ. ಬೇಸಿಗೇಲಿ ಹಿನ್ನೀರಲ್ಲಿ ನೂರಾರು ಆನೆ ಒಟ್ಟಿಗೆ ನಿಂತಾಗ ಜೂಮ್ ಇಲ್ದೇ ಏನ್ ಮಾಡೋದು?

ಬೀನ್‌ಬ್ಯಾಗ್, ಮೈಸೂರು:
ಆನೆಗೆ ಮೊಬೈಲ್ ಇದೆಯಲ್ಲಪ್ಪ. ತಮಾಷೆ ಬಿಡಿ, ಅದು ನಿಜವಾದ ಕಷ್ಟ. ಜೀಪಲ್ಲಿ ಧೂಳಿನ ಮಧ್ಯೆ ಲೆನ್ಸ್ ಬದಲಾಯಿಸೋ ಹಾಗಿಲ್ಲ, ಮಿರರ್‌ಲೆಸ್ ಆದ್ರಂತೂ ಸೆನ್ಸರ್ ಬಾಯ್ತೆರೆದು ಕೂತಿರುತ್ತೆ. ಎರಡನೇ ಬಾಡಿ ಇದ್ರೆ ಒಳ್ಳೇದು. ಇಲ್ದಿದ್ರೆ ಆನೆ ಬಂದಾಗ ಕ್ಯಾಮೆರಾ ಕೆಳಗಿಟ್ಟು ಆನೆ ನೋಡೋದು.

ಧಾರವಾಡ ಪೇಢೆ:
ಹಾಂ, ಇದು ಮಾತ್ರ ಲಾಖ್ ರುಪಾಯಿ ಮಾತು ನೋಡ್ರಿ ಮೇಡಂ.

ಮಲೆನಾಡು ಮಳೆ, ಸಾಗರ:
ತಡವಾಗಿ ಬಂದೆ. ನಮ್ಮ ಕಡೆಯ ಒಂದು ವಿಷಯ ಯಾರೂ ಎತ್ತಿಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳೋರು ಫಂಗಸ್ ನೋಡ್ಕೊಳಿ ಮಾರಾಯ್ರೆ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಗೇ ಬೂಷ್ಟು ಬರುತ್ತೆ, ಗಾಜಿಗೆ ಬಾರದೇ ಇರುತ್ತಾ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿಂದ ಓರೆಯಾಗಿ ನೋಡಿ, ಜೇಡರ ಬಲೆ ಥರ ಎಳೆ ಕಂಡ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಧೂಳು ನಾಲ್ಕು ಕಣ ಇದ್ರೆ ಪರವಾಗಿಲ್ಲ. ಬಾಡಿ ಆದ್ರೆ ಶಟರ್ ಕೌಂಟ್ (ಈವರೆಗೆ ಎಷ್ಟು ಫೋಟೋ ಹೊಡೆದಿದೆ ಅಂತ) ಕೇಳಿ. ನಾನು ಹಿಂದೆ ಒಬ್ಬರ ಹತ್ರ ನೋಡದೇ ತಗೊಂಡು ಕೆಟ್ಟೆ, ಮನೆಗೆ ತಂದ ಮೇಲೆ ಗೊತ್ತಾಯ್ತು, ಕ್ಲೀನ್ ಮಾಡಿಸೋಕೆ ಕಳಿಸಿದ್ರೆ ಮೂರು ತಿಂಗಳು ಸುದ್ದಿನೇ ಇಲ್ಲ, ಯಾವ ಕಂಪನಿ ಸರ್ವಿಸ್ಸು ಅಂತ ಹೇಳೋದು ಬೇಡ ಬಿಡಿ.

ಅದಕ್ಕೇ ಬ್ರ್ಯಾಂಡ್ ನೋಡೋಕಿಂತ ಮುಂಚೆ ರಿಪೇರಿ ಎಲ್ಲಿ ಮಾಡ್ಕೊಡ್ತಾರೆ ಅಂತ ನೋಡಿ. ಬೆಂಗಳೂರಿನವರಿಗೆ ಅದು ಆಟೋ ಹತ್ತಿ ಹೋಗೋ ದೂರ, ನಮಗೆ ಒಂದು ದಿನದ ಸಂಬಳ ಪ್ಲಸ್ ಬಸ್ ಚಾರ್ಜು. ಮತ್ತೆ ದುಬೈಯಿಂದ ಯಾರೋ ತರ್ತಾರೆ ಕಮ್ಮಿಗೆ ಅಂತ ಬೀಳ್ಬೇಡಿ, ಇಲ್ಲಿ ವಾರಂಟಿ ಸಿಗುತ್ತಾ ಅಂತ ಮೊದ್ಲೇ ಕೇಳಿ ತಗೊಳಿ.

ರೀವ ಹಕ್ಕಿ, ಭದ್ರಾವತಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಜನ ಬರೀತಾರೆ ಅಂತ ಅಂದ್ಕೊಂಡಿರ್ಲಿಲ್ಲ. ತಲೆ ಇನ್ನೂ ಕೆಟ್ಟಿದೆ, ಆದ್ರೆ ಈಗ ಕಾರಣ ಗೊತ್ತಾಗಿ ಕೆಟ್ಟಿದೆ. ಒಂದು ತೀರ್ಮಾನ ಮಾಡಿದೀನಿ, ಕೊಳ್ಳೋ ಮುಂಚೆ ಬಾಡಿಗೆಗೆ ತಂದು ನೋಡ್ತೀನಿ. ಬೆಂಗಳೂರಲ್ಲಿ ಭಾವಮೈದ ಇದಾನೆ, ಅವನ ಆಧಾರ್ ಕೊಟ್ಟು ಶುಕ್ರವಾರ ತಗೊಂಡು ಸೋಮವಾರ ವಾಪಸ್ ಕೊಡೋದು.

ಐಎಸ್‌ಒ ಅಜ್ಜ:
ಇದು ಒಳ್ಳೇ ಬುದ್ಧಿ. ಬೇರೆ ಕಡೆ ಹೋಗ್ಬೇಡಿ, ನೀವು ಯಾವಾಗ್ಲೂ ಹೋಗೋ ಜಾಗಕ್ಕೇ ತಗೊಂಡು ಹೋಗಿ. ಗೊತ್ತಿರೋ ಹಕ್ಕಿ, ಗೊತ್ತಿರೋ ಬೆಳಕು. ಆವಾಗ ವ್ಯತ್ಯಾಸ ಕಾಣುತ್ತೆ.

ರೀವ ಹಕ್ಕಿ, ಭದ್ರಾವತಿ:
ಏಳು ವಾರ ಆಯ್ತು, ಅಪ್‌ಡೇಟ್ ಕೊಡದೇ ಇದ್ರೆ ಪಾಪ ಬರುತ್ತೆ ಅಂತ ಬರೀತಿದೀನಿ.

ಮೊದಲ ಬಾಡಿಗೆ, ಸೋನಿ ಎ6700 ಮತ್ತು 200-600. ಲಕ್ಕವಳ್ಳೀಲಿ ಬೋಟ್ ಹತ್ತಿದೆ. ನಡುಗಡ್ಡೆ ಹತ್ರ ರೀವಗಳು ಮೊಟ್ಟೆ ಮೇಲೆ ಕೂತಿದ್ವು, ಗಂಡು ಮೀನು ತಂದು ಕೊಡ್ತಿತ್ತು. ಕಣ್ಣಿನ ಚೌಕ ಬಂತು ನೋಡಿ, ಮೊದಲ ಅರ್ಧ ಗಂಟೆ ನಾನು ಮಗು ಆಗ್ಬಿಟ್ಟೆ, ಎಲ್ಲಾ ಫ್ರೇಮಲ್ಲೂ ಕಣ್ಣು ಶಾರ್ಪು. ಸುಳ್ಳು ಯಾಕೆ ಹೇಳ್ಲಿ, ನನ್ನ ಏಳು ವರ್ಷದ ಅಭ್ಯಾಸವನ್ನ ಅದು ಅರ್ಧ ಗಂಟೇಲಿ ಮಾಡ್ತು. ಜೂಮ್ ರಿಂಗ್ ಒಂದು ಸಣ್ಣ ತಿರುವಿಗೇ 200ರಿಂದ 600ಕ್ಕೆ ಹೋಗುತ್ತೆ, ಉದ್ದ ಆಗೋದಿಲ್ಲ, ನಮ್ಮ 200-500 ಥರ ಕೈ ಎರಡು ಸಲ ತಿರುಚೋದು ಬೇಕಿಲ್ಲ. ಆದ್ರೆ ಬಾಡಿ ನನ್ನ ಕೈಗೆ ಚಿಕ್ಕದಾಯ್ತು, ಕಿರುಬೆರಳು ಗಾಳೀಲಿ ತೂಗಾಡ್ತಿತ್ತು, ಮುಂದೆ ಅಷ್ಟು ಭಾರ ಇರೋದ್ರಿಂದ ಮಣಿಕಟ್ಟು ಹಿಡ್ಕೊಳ್ತು. ಸಂಜೆ ಮನೆಗೆ ಬಂದಾಗ ಕುತ್ತಿಗೆ ಮೊದಲಿನಷ್ಟೇ ನೋವು. ಬೀನ್‌ಬ್ಯಾಗ್ ಮೇಡಂ ಹೇಳಿದ ಗಾಜಿನ ಮಾತು ಅಲ್ಲೇ ಅರ್ಥ ಆಯ್ತು.

ಎರಡನೇ ಸಲ ಬರೀ ಲೆನ್ಸ್ ತಂದೆ, 500 ಪಿಎಫ್, ನನ್ನ ಡಿ500ಗೇ ಹಾಕಿದೆ. ಮೊದಲು ಎತ್ತಿದಾಗ ಒಳಗೆ ಗಾಜು ಇದೆಯೋ ಇಲ್ವೋ ಅನ್ನಿಸ್ತು. ಎರಡು ಕೆಜಿ ಮುನ್ನೂರ ಇಪ್ಪತ್ತು ಅಂದ್ರೆ ಸುಮ್ನೆ ಅಂಕಿ, ಕೈಗೆ ಬಂದಾಗ ಬೇರೆನೇ. ಬೋಟಲ್ಲಿ ನಿಂತು, ಲೆನ್ಸಿಗೆ ಆಸರೆ ಕೊಡೋ ಬೀನ್‌ಬ್ಯಾಗ್ ಚೀಲ ಇಲ್ದೇ, ಹಾರೋ ರೀವದ ಹಿಂದೆ ಕೈ ತಾನಾಗಿ ಹೋಗ್ತಿತ್ತು. ಫೋಕಸ್ ಕೂಡ 200-500ಕ್ಕಿಂತ ಎಷ್ಟೋ ಚುರುಕು, ಅದೇ ಬಾಡಿ ಅದೇ ಗ್ರೂಪ್ ಏರಿಯಾ, ನಾನು ಬಾಡಿ ನಿಧಾನ ಅಂದ್ಕೊಂಡಿದ್ದು ಅರ್ಧ ಲೆನ್ಸಿನ ಮೋಟಾರಿನದು. ತೊಂದ್ರೆಯೂ ಆಯ್ತು, ರೀವ ಬೋಟ್ ಮೇಲೇ ಬಂದಾಗ ರೆಕ್ಕೆ ಎರಡೂ ಕಡೆ ಫ್ರೇಮಿಂದಾಚೆ ಹೋಗ್ತಿತ್ತು, ಹಿಂದಕ್ಕೆ ಸರಿಯೋಣ ಅಂದ್ರೆ ಹಿಂದೆ ಇರೋದು ಭದ್ರಾ ನದಿ. ಮೇಡಂ ಹೇಳಿದ ಹಾಗೆ ಮುಂದಿನ ಬಟನ್ನಿಗೆ ಸಿಂಗಲ್ ಪಾಯಿಂಟ್ ಕೊಟ್ಟಿದೀನಿ, ಬೆರಳಿಗೆ ಇನ್ನೂ ರೂಢಿ ಆಗ್ತಿದೆ.

ಮತ್ತೆ ಆ ಎರಡು ಚಿರತೆ ಫ್ರೇಮ್ ಇತ್ತಲ್ಲ, ನಲವತ್ತರಲ್ಲಿ ಉಳಿದಿದ್ದು, ಐಎಸ್‌ಒ 6400ಕ್ಕೆ ಮರಳು ಮರಳಾಗಿದೆ ಅಂತ ಬಿಟ್ಟಿದ್ದೆ. ಮಗಳು ಲೈಟ್‌ರೂಮ್ ಸಾಫ್ಟ್‌ವೇರಲ್ಲಿ ಆ ಮರಳು ತೆಗೆಯೋ ಎಐ ಡಿನಾಯ್ಸ್ ಒತ್ತಿ ತೋರಿಸಿದ್ಳು. ಈಗ ಅದು ಮನೆ ಹಾಲಿನ ಗೋಡೆ ಮೇಲೆ ತೂಗ್ತಿದೆ, ಹನ್ನೆರಡು ಇಂಚು ಹದಿನೆಂಟು ಇಂಚು.

ಹೋದ ಭಾನುವಾರ ಹಾಸನದಲ್ಲಿ ಒಬ್ಬರ ಹತ್ರ 500 ಪಿಎಫ್ ತಗೊಂಡೆ. ಟಾರ್ಚ್ ಹಾಕಿ ಹತ್ತು ನಿಮಿಷ ನೋಡಿದೆ, ಅವರು ಏನ್ ಸಾರ್ ಎಕ್ಸ್‌ರೇನಾ ಅಂತ ಕೇಳಿದ್ರು. ಒಂದೂವರೆ ಒಳಗೇ ಆಯ್ತು, ಮನೆಯಲ್ಲಿ ಹೇಳಿದ್ದ ಲೆಕ್ಕಕ್ಕೆ ಸರಿಹೋಯ್ತು.

ಕಳ್ಳಿಪೀರ, ಬೆಂಗಳೂರು:
ಅಯ್ಯೋ ಸಾರ್, ಸೋನಿಗೋ ಕ್ಯಾನನ್‌ಗೋ ಅಂತ ಶುರು ಮಾಡಿ ಕೊನೆಗೆ ಅದೇ ಡಿ500 ಇಟ್ಕೊಂಡ್ರಾ! ಬಾಡಿ ಬದಲಾಯಿಸೋದು ಯಾವಾಗ?

ರೀವ ಹಕ್ಕಿ, ಭದ್ರಾವತಿ:
ಶಟರ್ ಹೋದಾಗ. ಆವಾಗ ಜೆಡ್50-2 ಅಥವಾ ಅದರ ಮುಂದಿನದು, ಅಡಾಪ್ಟರ್ ಹಾಕಿ ಇದೇ ಲೆನ್ಸು. ಗಣೇಶಗುಡೀಲಿ ಸದ್ದಿಲ್ದೇ ತೆಗೆಯೋ ಆಸೆ ಹಾಗೇ ಉಳಿದಿದೆ, ಮಂಗಟ್ಟೆಯವರು ಕಾಕರಣೆ ಹಕ್ಕಿಗೆ ಸ್ವಲ್ಪ ಕಾಯೋಕೆ ಹೇಳ್ಬೇಕು.

ಮಂಗಟ್ಟೆ, ದಾಂಡೇಲಿ:
ಹೇಳ್ತೀನಿ ಸರ್. ಅದು ನನ್ನ ಮಾತು ಕೇಳೋದು ಕಷ್ಟ.

ಆಸ್ಟಿನ್ ಕನ್ನಡಿಗ:
ಪಿಎಫ್ ಲೆನ್ಸಲ್ಲಿ ಸೂರ್ಯನ ಎದುರಿಗೆ ತೆಗೆಯೋವಾಗ ನೋಡ್ಕೊಳಿ, ಜೋರು ಬೆಳಕು ಫ್ರೇಮಲ್ಲಿ ಇದ್ರೆ ಬಣ್ಣದ ಉಂಗುರ ಥರ ಫ್ಲೇರ್ ಬರಬಹುದು. ಹುಡ್ ತೆಗೀಬೇಡಿ. ಅಂದಹಾಗೆ ಹಾರೋ ರೀವದ ಫೋಟೋ ಎಲ್ಲಿ?

ರೀವ ಹಕ್ಕಿ, ಭದ್ರಾವತಿ:
ಅದಕ್ಕೇ ಬೆಳಿಗ್ಗೆ ಹೊತ್ತು ಒಂದೆರಡು ಫ್ರೇಮಲ್ಲಿ ವಿಚಿತ್ರ ಬಣ್ಣ ಬಂತಾ? ನಾನು ಕಾಮನಬಿಲ್ಲು ಅಂದ್ಕೊಂಡೆ. ಫೋಟೋ ರಾತ್ರಿ ಹಾಕ್ತೀನಿ, ಬ್ಯಾಂಕಲ್ಲಿ ಆಡಿಟ್ ನಡೀತಿದೆ.

ಧಾರವಾಡ ಪೇಢೆ:
ಸರ, ಒಂದು ಮಾತು ಕೇಳ್ಲ್ಯಾ? ಆ 200-500 ಈಗ ಸುಮ್ನ ಕುಂತೈತಲ್ರಿ. ಕೊಡ್ತೀರೇನ? ನನ್ ಕಡೆ ಕಾಲರ್ ಪ್ಲೇಟ್ ಮೊದಲೇ ಐತಿ.

ರೀವ ಹಕ್ಕಿ, ಭದ್ರಾವತಿ:
ಕೊಡ್ತೀನಿ ಸರ್, ಮೆಸೇಜ್ ಮಾಡಿ. ಬರೋವಾಗ ಟಾರ್ಚ್ ತನ್ನಿ.